ಫಿಟ್ಸ್‌ನಂತೆ ಕಾಣುತ್ತದೆ, ಆದರೆ ಎಪಿಲೆಪ್ಸಿ ಅಲ್ಲ: ಗುರುತಿಸುವುದು ಹೇಗೆ, ವಾಸಿ ಮಾಡಿಕೊಳ್ಳುವುದು ಹೇಗೆ

ಹುಡುಗಿಯ ಬಲ ಅಂಗೈಯಲ್ಲಿ ಬೀಗದ ಕೈ ಗೊಂಚಲಿನ ಅಚ್ಚು ಬಿದ್ದಿತ್ತು. ಕೆಂಪಗೆ, ಹಲ್ಲು ಹಲ್ಲಾಗಿ. ಬರುವಾಗ ಬಸ್ಸಿನಲ್ಲಿ ಅಮ್ಮ ಅವಳ ಕೈಗೆ ಅದನ್ನು ತುರುಕಿ, ಮುಷ್ಟಿ ಬಿಗಿಯಾಗಿ ಮುಚ್ಚಿ ಹಿಡಿದುಕೊಂಡಿದ್ದರಂತೆ. ಹತ್ತೊಂಬತ್ತು ವರ್ಷ, ಡಿಗ್ರಿ ಎರಡನೇ ವರ್ಷ. ಮೂರು ವರ್ಷದಿಂದ ಫಿಟ್ಸ್ ಮಾತ್ರೆ. ಮೊದಲು ಒಂದು, ಆಮೇಲೆ ಎರಡು, ಈಗ ಮೂರು ಥರದ್ದು. ಅಟ್ಯಾಕ್ ಮಾತ್ರ ಕಮ್ಮಿ ಆಗಿರಲಿಲ್ಲ, ಜಾಸ್ತಿಯೇ ಆಗಿತ್ತು.

ನಾನು ಇಇಜಿ ಟೆಕ್ನೀಷಿಯನ್. ತಲೆಗೆ ವೈರ್ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವುದು ನನ್ನ ಕೆಲಸ. ಆ ದಿನ ವಿಡಿಯೋ ಇಇಜಿ ರೂಮಿನಲ್ಲೇ ಅವಳಿಗೆ ಅಟ್ಯಾಕ್ ಬಂತು. ಕೈಕಾಲು ಬಡಿದವು. ತಲೆ ಅತ್ತಿಂದಿತ್ತ ಹೊರಳಿತು. ಕರೆದರೆ ಓಗೊಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಆರು ನಿಮಿಷ ಹಾಗೇ ನಡೆಯಿತು. ರೆಕಾರ್ಡಿಂಗ್ ನೋಡಿದ ಡಾಕ್ಟರು ಹೊರಗೆ ಬಂದು, ಇದು ಎಪಿಲೆಪ್ಸಿ ಅಲ್ಲ ಅಂದರು. ಅಪ್ಪ ತಕ್ಷಣ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಮೂರು ವರ್ಷದಿಂದ ನಮ್ಮನ್ನ ಆಟ ಆಡಿಸ್ತಿದ್ದಳಾ?"

ಬಾಗಿಲು ತೆರೆದೇ ಇತ್ತು. ನಾನು ಅವಳ ತಲೆಯಿಂದ ವೈರ್ ಬಿಡಿಸುತ್ತಿದ್ದೆ. ಮುಚ್ಚಿದ ಕಣ್ಣಿನಿಂದ ನೀರು ಇಳಿದು, ಕಿವಿ ಹತ್ತಿರ ಹಚ್ಚಿದ್ದ ಪೇಸ್ಟ್‌ವರೆಗೂ ಹರಿಯಿತು.

ಆಟ ಆಡಿಸುತ್ತಿರಲಿಲ್ಲ. ಈ ಒಂದು ಮಾತು ಮನೆಯವರಿಗೆ ಅರ್ಥವಾಗುವುದೇ ಚಿಕಿತ್ಸೆಯ ದೊಡ್ಡ ಪಾಲು. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಇದು ಏನು?

ಎಪಿಲೆಪ್ಸಿಯಲ್ಲಿ ಮಿದುಳಿನ ನರಕೋಶಗಳು ಒಟ್ಟಿಗೆ, ಹಿಡಿತ ತಪ್ಪಿ ವಿದ್ಯುತ್ ಸಂಕೇತ ಹೊರಡಿಸುತ್ತವೆ. ಅದಕ್ಕೇ ಮೈ ಅದುರುತ್ತದೆ, ಪ್ರಜ್ಞೆ ಹೋಗುತ್ತದೆ. ಇಲ್ಲಿ ಆ ವಿದ್ಯುತ್ ಗಲಾಟೆ ಇಲ್ಲ. ತಡೆಯಲಾಗದ ಒತ್ತಡ, ಭಯ, ನೋವು ಅಥವಾ ಮೈಯೊಳಗಿನ ಗಾಬರಿಗೆ ಮಿದುಳು ಬೇರೆ ದಾರಿಯಲ್ಲಿ ಪ್ರತಿಕ್ರಿಯೆ ಕೊಡುತ್ತದೆ. ಸ್ವಲ್ಪ ಹೊತ್ತು ಮನಸ್ಸಿಗೂ ಮೈಗೂ ನಡುವಿನ ಸಂಪರ್ಕ ತಪ್ಪುತ್ತದೆ. ಆ ವ್ಯಕ್ತಿ ಬೇಕೆಂದು ಮಾಡುವುದಲ್ಲ. ಬೇಡ ಅಂದರೆ ನಿಲ್ಲುವುದೂ ಇಲ್ಲ.

ಫೈಲಿನಲ್ಲಿ ಇದಕ್ಕೆ ಪಿಎನ್‌ಇಎಸ್ ಎಂದು ಬರೆದಿರುತ್ತಾರೆ. ಪೂರ್ತಿ ಹೆಸರು ಸೈಕೋಜೆನಿಕ್ ನಾನ್ ಎಪಿಲೆಪ್ಟಿಕ್ ಸೀಜರ್, ಅಂದರೆ ಮನಸ್ಸಿನ ಕಾರಣದಿಂದ ಬರುವ, ಎಪಿಲೆಪ್ಸಿ ಅಲ್ಲದ ಅಟ್ಯಾಕ್. ಈಗ ಬಹಳ ಡಾಕ್ಟರುಗಳು ಫಂಕ್ಷನಲ್ ಸೀಜರ್ ಅಥವಾ ಡಿಸೋಸಿಯೇಟಿವ್ ಸೀಜರ್ ಅನ್ನುತ್ತಾರೆ. ಹಳಬರು ಹಿಸ್ಟೀರಿಯಾ ಅನ್ನುತ್ತಿದ್ದರು. ಗರ್ಭಕೋಶ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ಹೆಂಗಸರ ಕಾಯಿಲೆ ಅನ್ನುವ ತಪ್ಪು ಆ ಹೆಸರಿನಲ್ಲೇ ಇದೆ. ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು ಅನ್ನುವುದು ನಿಜ. ಆದರೆ ಗಂಡಸರಿಗೂ ಬರುತ್ತದೆ, ಮಕ್ಕಳಿಗೂ ಬರುತ್ತದೆ. ಇನ್ನು ವಾರ್ಡುಗಳಲ್ಲಿ "ಸೂಡೋ ಕೇಸ್" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಸೂಡೋ ಅಂದರೆ ಸುಳ್ಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದಿದ್ದೇನೆ. ಈಗ ಅನ್ನುವುದಿಲ್ಲ.

ಇದು ಅಪರೂಪವೂ ಅಲ್ಲ. ಮಾತ್ರೆಗೆ ಬಗ್ಗದ ಫಿಟ್ಸ್ ಎಂದು ಎಪಿಲೆಪ್ಸಿ ಸೆಂಟರ್‌ಗಳಿಗೆ ಬರುವವರಲ್ಲಿ ಶೇಕಡಾ 20ರಿಂದ 30ರಷ್ಟು ಜನರಿಗೆ ಇರುವುದು ಇದೇ. ಜರ್ಮನಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮೊದಲ ಅಟ್ಯಾಕ್‌ನಿಂದ ಸರಿಯಾದ ಹೆಸರು ಸಿಗುವವರೆಗೆ ಸರಾಸರಿ 7 ವರ್ಷಕ್ಕಿಂತ ಜಾಸ್ತಿ ಕಳೆದಿತ್ತು. ಅಷ್ಟು ವರ್ಷ ಬೇಡದ ಮಾತ್ರೆ. ಅಷ್ಟು ವರ್ಷ ಮದುವೆ, ಓದು, ಕೆಲಸ ಎಲ್ಲದಕ್ಕೂ ಅಡ್ಡಿ.

ಮೊದಲ ಹೆಜ್ಜೆ: ಅಟ್ಯಾಕ್ ಬಂದಾಗ ಜೋಪಾನ

ಯಾವ ಥರದ ಅಟ್ಯಾಕ್ ಎಂದು ಗೊತ್ತಾಗುವವರೆಗೂ ಎಲ್ಲವನ್ನೂ ಎಪಿಲೆಪ್ಸಿ ಎಂದೇ ತಿಳಿದು ನೋಡಿಕೊಳ್ಳಿ. ಸುತ್ತ ಇರುವ ಗಟ್ಟಿ, ಚೂಪು ಸಾಮಾನು ಸರಿಸಿ. ತಲೆ ಕೆಳಗೆ ಮೆತ್ತಗಿನದು ಇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ.

ಕಬ್ಬಿಣ, ಬೀಗದ ಕೈ, ಈರುಳ್ಳಿ, ಚಪ್ಪಲಿ ವಾಸನೆ. ಇವುಗಳಿಂದ ಯಾವ ಅಟ್ಯಾಕೂ ನಿಲ್ಲುವುದಿಲ್ಲ. ಎಪಿಲೆಪ್ಸಿಯ ಅಟ್ಯಾಕ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಕೀ ಕೊಟ್ಟಿರುತ್ತೇವೆ, ಕೀಯಿಂದಲೇ ನಿಂತಿತು ಅಂದುಕೊಳ್ಳುತ್ತೇವೆ.

ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಉಸಿರಾಟ ಕೆಟ್ಟರೆ, ಪೆಟ್ಟಾದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಜೀವನದಲ್ಲಿ ಇದೇ ಮೊದಲ ಅಟ್ಯಾಕ್ ಆಗಿದ್ದರೆ, ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಎರಡನೇ ಹೆಜ್ಜೆ: ಮೊಬೈಲ್‌ನಲ್ಲಿ ವಿಡಿಯೋ

ಡಾಕ್ಟರ ಮುಂದೆ "ಕೈಕಾಲು ಬಡೀತಾಳೆ ಸಾರ್, ಬಾಯಲ್ಲಿ ನೊರೆ ಬರುತ್ತೆ" ಅಂದರೆ ಅವರಿಗೆ ಸಿಗುವುದು ಬಹಳ ಕಡಿಮೆ. ಒಂದು ನಿಮಿಷದ ವಿಡಿಯೋ ಅದಕ್ಕಿಂತ ಎಷ್ಟೋ ಮೇಲು. ಒಬ್ಬರು ಜೋಪಾನ ಮಾಡಲಿ, ಇನ್ನೊಬ್ಬರು ವಿಡಿಯೋ ಮಾಡಲಿ. ಮನೆಯಲ್ಲಿ ಒಬ್ಬರೇ ಇದ್ದರೆ ಜೋಪಾನವೇ ಮೊದಲು.

ಮುಖ ಕಾಣಬೇಕು, ಪೂರ್ತಿ ಮೈ ಕಾಣಬೇಕು. ಹೊದಿಕೆ ಇದ್ದರೆ ಸರಿಸಿ. ಲೈಟ್ ಹಾಕಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ, ಆ ಕರೆಯೂ ರೆಕಾರ್ಡ್ ಆಗಲಿ. ಅಟ್ಯಾಕ್ ನಿಂತ ಮೇಲೂ ಎರಡು ನಿಮಿಷ ಮುಂದುವರಿಸಿ, ಹೇಗೆ ಎಚ್ಚರವಾಗುತ್ತಾರೆ ಅನ್ನುವುದು ಬಹಳ ಮುಖ್ಯ. ಎಚ್ಚರವಾದ ಮೇಲೆ ವಿಡಿಯೋ ಮಾಡಿದ್ದನ್ನು ಅವರಿಗೆ ಹೇಳಿ. ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಕಳಿಸಬೇಡಿ. ಫ್ಯಾಮಿಲಿ ಗ್ರೂಪ್‌ಗೂ ಬೇಡ.

ಡಾಕ್ಟರು ಏನು ನೋಡುತ್ತಾರೆ? ಮೊದಲನೆಯದು ಕಣ್ಣು. ಎಪಿಲೆಪ್ಸಿಯ ದೊಡ್ಡ ಅಟ್ಯಾಕ್‌ನಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ. ಫಂಕ್ಷನಲ್ ಅಟ್ಯಾಕ್‌ನಲ್ಲಿ ಹೆಚ್ಚಾಗಿ ಮುಚ್ಚಿರುತ್ತದೆ, ರೆಪ್ಪೆ ಬಿಡಿಸಲು ಹೋದರೆ ಇನ್ನೂ ಬಿಗಿಯಾಗುತ್ತದೆ. ತಲೆ ಎಡಕ್ಕೂ ಬಲಕ್ಕೂ ಹೊರಳುವುದು, ಎರಡು ಕೈಗಳ ಬಡಿತ ಒಂದಕ್ಕೊಂದು ತಾಳೆಯಾಗದಿರುವುದು, ಜಾಸ್ತಿಯಾಗಿ ಕಮ್ಮಿಯಾಗಿ ನಿಂತು ಮತ್ತೆ ಶುರುವಾಗುವುದು, ಎರಡು ನಿಮಿಷಕ್ಕಿಂತ ತುಂಬಾ ಹೊತ್ತು ನಡೆಯುವುದು, ಅಟ್ಯಾಕ್ ನಡುವೆ ಅಳುವುದು, ಸುತ್ತ ಆಡಿದ ಮಾತು ಆಮೇಲೆ ನೆನಪಿರುವುದು. ಇವೆಲ್ಲ ಫಂಕ್ಷನಲ್ ಕಡೆಗೆ ಬೆರಳು ತೋರಿಸುತ್ತವೆ. ನಾಲಿಗೆಯ ಪಕ್ಕ ಕಚ್ಚಿಕೊಂಡಿರುವುದು, ಆಮೇಲೆ ಗೊರಕೆಯಂಥ ಭಾರದ ಉಸಿರು, ತುಂಬಾ ಹೊತ್ತಿನ ಗಲಿಬಿಲಿ, ಇವು ಎಪಿಲೆಪ್ಸಿಯ ಕಡೆಗೆ.

ಬಟ್ಟೆಯಲ್ಲಿ ಮೂತ್ರ ಆಗುವುದು, ಪೆಟ್ಟಾಗುವುದು ಎರಡರಲ್ಲೂ ಉಂಟು. ಪೆಟ್ಟಾಗಿಲ್ಲ, ಅದಕ್ಕೇ ನಾಟಕ ಅನ್ನುವ ತೀರ್ಮಾನ ಎರಡು ರೀತಿಯಲ್ಲೂ ತಪ್ಪು.

ಇಷ್ಟು ಓದಿ ನೀವೇ ತೀರ್ಮಾನ ಮಾಡಬೇಡಿ, ದಯವಿಟ್ಟು. ಮಿದುಳಿನ ಮುಂಭಾಗದಿಂದ ಬರುವ ಎಪಿಲೆಪ್ಸಿ ನೋಡಲು ಬಹಳ ವಿಚಿತ್ರವಾಗಿರುತ್ತದೆ. ಒದೆಯುತ್ತಾರೆ, ಕೂಗುತ್ತಾರೆ, ಕ್ಷಣದಲ್ಲಿ ಸರಿಯಾಗಿ ಎದ್ದು ಕೂರುತ್ತಾರೆ. ನಾಟಕದ ಹಾಗೇ ಕಾಣುತ್ತದೆ, ಆದರೆ ಎಪಿಲೆಪ್ಸಿ. ಅದು ಸಾಮಾನ್ಯವಾಗಿ ಚಿಕ್ಕದು, ಒಂದೇ ಥರದ್ದು, ನಿದ್ದೆಯಿಂದ ಬರುವುದು ಜಾಸ್ತಿ.

ವಿಡಿಯೋ ಜೊತೆಗೆ ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ಎಷ್ಟು ನಿಮಿಷ, ಅದಕ್ಕೆ ಮೊದಲು ಏನು ನಡೆಯುತ್ತಿತ್ತು, ಮೈಯಲ್ಲಿ ಮೊದಲು ಏನನ್ನಿಸಿತು.

ಮೂರನೇ ಹೆಜ್ಜೆ: ಟೆಸ್ಟ್

ಮೊದಲು ಹೋಗಬೇಕಾದ್ದು ನ್ಯೂರಾಲಜಿ ಡಾಕ್ಟರ ಹತ್ತಿರ. ಅವರು ಇಸಿಜಿ, ರಕ್ತದ ಸಕ್ಕರೆ ಮುಂತಾದ ಟೆಸ್ಟ್ ಬರೆದರೆ ಬೇಡ ಅನ್ನಬೇಡಿ. ಹೃದಯದ ಬಡಿತ ತಪ್ಪಿ, ಬಿಪಿ ಇಳಿದು, ಸಕ್ಕರೆ ಇಳಿದು ಬೀಳುವವರೂ ಇರುತ್ತಾರೆ. ಎಂಆರ್‌ಐ ಮಿದುಳಿನಲ್ಲಿ ಗಾಯ, ಗಡ್ಡೆ ಇದೆಯಾ ಎಂದು ತೋರಿಸುತ್ತದೆ. ಅಟ್ಯಾಕ್ ಯಾವ ಥರದ್ದು ಎಂದು ಅದೊಂದರಿಂದಲೇ ಗೊತ್ತಾಗುವುದಿಲ್ಲ.

ಈಗ ನನ್ನ ರೂಮಿನ ವಿಷಯ. ಅರ್ಧ ಗಂಟೆಯ ಮಾಮೂಲಿ ಇಇಜಿ ನಾರ್ಮಲ್ ಬಂದ ಮಾತ್ರಕ್ಕೆ ಎಪಿಲೆಪ್ಸಿ ಇಲ್ಲ ಅಂತಲ್ಲ. ಎಪಿಲೆಪ್ಸಿ ಇರುವ ಎಷ್ಟೋ ಜನಕ್ಕೆ ಅಟ್ಯಾಕ್ ಇಲ್ಲದ ಹೊತ್ತಿನಲ್ಲಿ ಅದು ನಾರ್ಮಲ್ಲೇ. ಹಾಗೇ, ರಿಪೋರ್ಟಿನಲ್ಲಿ ಸಣ್ಣ ವ್ಯತ್ಯಾಸ ಬರೆದಿದ್ದರೆ ಎಪಿಲೆಪ್ಸಿ ಇದೆ ಅಂತಲೂ ಅಲ್ಲ. ವರ್ಷಗಟ್ಟಲೆ ತಪ್ಪು ಮಾತ್ರೆ ನುಂಗಿದವರಲ್ಲಿ ಎಷ್ಟೋ ಜನರ ಕಥೆ ಅಂಥ ಒಂದು ಹಾಳೆಯಿಂದಲೇ ಶುರುವಾಗಿರುತ್ತದೆ.

ಗಟ್ಟಿ ಉತ್ತರ ಕೊಡುವುದು ವಿಡಿಯೋ ಇಇಜಿ. ತಲೆಗೆ ವೈರ್, ಎದುರಿಗೆ ಕ್ಯಾಮೆರಾ, ಎರಡೂ ಒಟ್ಟಿಗೆ ಓಡುತ್ತವೆ. ಕೆಲವರಿಗೆ ಕೆಲವು ಗಂಟೆ ಸಾಕು, ಕೆಲವರು ನಾಲ್ಕೈದು ದಿನ ಅಡ್ಮಿಟ್ ಆಗಬೇಕಾಗುತ್ತದೆ. ಮಾಮೂಲಾಗಿ ಬರುವ ಅಟ್ಯಾಕ್ ಒಂದು ಕ್ಯಾಮೆರಾ ಮುಂದೆ ಬರಬೇಕು, ಅಷ್ಟೇ. ಅದಕ್ಕೇ ಮನೆಯವರನ್ನು ಜೊತೆಗೆ ಕೂರಿಸಿ, "ಮನೇಲಿ ಬರೋದು ಇದೇ ಥರಾನಾ?" ಎಂದು ಕೇಳುತ್ತೇವೆ. ಬೇರೆ ಥರದ್ದು ಸಿಕ್ಕಿದರೆ ಉತ್ತರ ಪೂರ್ತಿಯಾದ ಹಾಗಲ್ಲ.

ಹಿಂದಿನ ದಿನ ಶಾಂಪೂ ಹಾಕಿ ತಲೆಸ್ನಾನ ಮಾಡಿ. ಎಣ್ಣೆ ಹಚ್ಚಬೇಡಿ, ಎಣ್ಣೆ ಇದ್ದರೆ ವೈರ್ ನಿಲ್ಲುವುದಿಲ್ಲ. ಮುಂದೆ ಬಟನ್ ಇರುವ, ತಲೆ ಮೇಲಿಂದ ತೆಗೆಯಬೇಕಿಲ್ಲದ ಬಟ್ಟೆ ಹಾಕಿಕೊಳ್ಳಿ. ನೋವಾಗುವುದಿಲ್ಲ, ಕರೆಂಟ್ ಕೊಡುವುದಿಲ್ಲ. ಕರೆಂಟ್ ಶಾಕ್ ಎಂದು ಹೆದರಿ ಹಳ್ಳಿಯಿಂದ ಬಂದವರು ಬಾಗಿಲಿನಿಂದ ವಾಪಸ್ ಹೋಗುವುದನ್ನು ನೋಡಿದ್ದೇನೆ. ಮಾತ್ರೆ ಕಡಿಮೆ ಮಾಡಬೇಕಾ ಎಂದು ಡಾಕ್ಟರೇ ಹೇಳುತ್ತಾರೆ. ಮನೆಯಲ್ಲಿ ನೀವಾಗಿ ಬಿಟ್ಟು ಬರಬೇಡಿ.

ಸ್ಕ್ರೀನ್ ಮೇಲೆ ಏನು ಕಾಣುತ್ತದೆ ಗೊತ್ತಾ? ಎಚ್ಚರವಾಗಿ, ಕಣ್ಣು ಮುಚ್ಚಿ ಆರಾಮಾಗಿ ಮಲಗಿದವರ ತಲೆಯ ಹಿಂಭಾಗದಲ್ಲಿ ಒಂದು ಸಮನಾದ ಅಲೆ ಏಳುತ್ತದೆ. ಆಲ್ಫಾ ಅಲೆ, ಸೆಕೆಂಡಿಗೆ 8ರಿಂದ 13 ಸಲ. ಎಪಿಲೆಪ್ಸಿಯ ದೊಡ್ಡ ಅಟ್ಯಾಕ್‌ನಲ್ಲಿ ಅದು ಅಳಿಸಿಹೋಗಿ, ಚೂಪು ಅಲೆಗಳು ದಟ್ಟವಾಗಿ ಬರುತ್ತವೆ. ನಿಂತ ಮೇಲೆ ಗೆರೆಗಳು ಚಪ್ಪಟೆಯಾಗಿ, ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಆ ಹುಡುಗಿಯ ಅಟ್ಯಾಕ್‌ನಲ್ಲಿ ಸ್ಕ್ರೀನ್ ತುಂಬ ಮಾಂಸಖಂಡದ ಅಲುಗಾಟದ ಗೀಚು. ಬಡಿತ ನಿಂತ ನಡುನಡುವಿನ ಎರಡು ಮೂರು ಸೆಕೆಂಡುಗಳಲ್ಲಿ, ಗೀಚಿನ ಹಿಂದೆ, ಅದೇ ಆಲ್ಫಾ. ಎಚ್ಚರದ ಅಲೆ. ಮೈ ಓಗೊಡುತ್ತಿಲ್ಲ, ಆದರೆ ಒಳಗೆ ಯಾರೋ ಎಚ್ಚರವಾಗಿದ್ದಾರೆ. ಅಟ್ಯಾಕ್ ನಡುವೆ ಸುತ್ತ ಆಡಿದ ಮಾತು ಕೆಲವರಿಗೆ ಕೇಳಿಸುವುದು ಅದಕ್ಕೇ.

ಕೆಲವು ಕಡೆ ಬರೀ ಸಲೈನ್ ನೀರಿನ ಇಂಜೆಕ್ಷನ್ ಕೊಟ್ಟು, ಇದರಿಂದ ಫಿಟ್ಸ್ ಬರುತ್ತೆ ಎಂದು ಹೇಳಿ ಅಟ್ಯಾಕ್ ಬರಿಸುವ ಪದ್ಧತಿ ಇದೆ. ನನಗೆ ಅದು ಇಷ್ಟವಿಲ್ಲ. ಜೋರಾಗಿ ಉಸಿರಾಡಿಸುವುದು, ಮಿಣುಕು ಲೈಟ್ ತೋರಿಸುವುದು ಟೆಸ್ಟಿನ ಭಾಗವೇ. "ಇದರಿಂದ ನಿಮ್ಮ ಅಟ್ಯಾಕ್ ಬರಬಹುದು, ಬಂದರೆ ನಮಗೆ ಅನುಕೂಲ" ಎಂದು ನಿಜ ಹೇಳಿದರೂ ಬಹಳ ಸಲ ಬರುತ್ತದೆ. ಮೋಸ ಹೋದೆ ಅನ್ನಿಸಿದ ರೋಗಿ ಆಮೇಲೆ ಯಾವ ಡಾಕ್ಟರನ್ನೂ ನಂಬುವುದಿಲ್ಲ.

ನಾಲ್ಕನೇ ಹೆಜ್ಜೆ: ಹೆಸರು ತಿಳಿದ ದಿನ

"ಏನೂ ಇಲ್ಲ, ಎಲ್ಲ ನಾರ್ಮಲ್, ಸೈಕಿಯಾಟ್ರಿಗೆ ತೋರಿಸಿ." ಇಷ್ಟು ಹೇಳಿ ಕಳಿಸಿದರೆ ನೀವು ಎದ್ದು ಬರಬೇಡಿ. ಕೂತು ಕೇಳಿ: ಇದರ ಹೆಸರೇನು? ಎಪಿಲೆಪ್ಸಿ ಜೊತೆಗೆ ಇದೆಯಾ, ಇಲ್ಲವಾ? ಈಗಿನ ಮಾತ್ರೆ ಏನು ಮಾಡಬೇಕು? ಮುಂದಿನ ಸಲ ಅಟ್ಯಾಕ್ ಬಂದರೆ ಏನು ಮಾಡಬೇಕು? ನಿಮ್ಮ ಹತ್ತಿರ ಮತ್ತೆ ಯಾವಾಗ ಬರಬೇಕು?

ಆ ದಿನ ಡಾಕ್ಟರು ಅಪ್ಪನನ್ನು ಒಳಗೆ ಕರೆದು ಕೂರಿಸಿದರು. ಹುಡುಗಿಯೂ ಇದ್ದಳು. "ನಿಮ್ಮ ಮಗಳಿಗೆ ಬರ್ತಿರೋದು ನಿಜವಾದ ಅಟ್ಯಾಕ್. ಅವಳು ಮಾಡ್ತಿರೋದಲ್ಲ, ಅವಳಿಗೆ ಆಗ್ತಿರೋದು. ಭಯ ಆದಾಗ ನಿಮ್ಮ ಕೈ ನಡುಗಲ್ವಾ, ನೀವು ಬೇಕಂತ ನಡುಗಿಸ್ತೀರಾ? ಅದರ ದೊಡ್ಡ ರೂಪ ಇದು. ಇದಕ್ಕೆ ಚಿಕಿತ್ಸೆ ಇದೆ." ಹತ್ತು ನಿಮಿಷ ಆಗಿರಬಹುದು. ಅಪ್ಪ ಮಗಳ ಕೈ ಹಿಡಿದುಕೊಂಡು ಆ ಕೀ ಗುರುತನ್ನೇ ನೋಡುತ್ತಾ ಕೂತರು.

ಹೀಗೆ ಬಿಡಿಸಿ ಹೇಳಿದ ಮೇಲೆ ಕೆಲವರಿಗೆ ಅಟ್ಯಾಕ್ ತಾನಾಗಿಯೇ ಕಮ್ಮಿಯಾಗುತ್ತದೆ. ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವು ವಾರ ಅಟ್ಯಾಕ್ ಜಾಸ್ತಿಯೂ ಆಗಬಹುದು. ಹೆದರಬೇಡಿ. ಇನ್ನೊಬ್ಬ ಡಾಕ್ಟರು, ಇನ್ನೊಂದು ಸ್ಕ್ಯಾನ್ ಎಂದು ಮತ್ತೆ ಅಲೆಯಲು ಹೊರಡಬೇಡಿ.

ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಹೆಸರು, ಕಾಯಿಲೆ, ಅಟ್ಯಾಕ್ ಹೇಗಿರುತ್ತದೆ, ಏನು ಮಾಡಬೇಕು, ಯಾವಾಗ ಮಾತ್ರ ಆಸ್ಪತ್ರೆ ಬೇಕು. ಅದರ ಫೋಟೋ ಫೋನ್‌ನಲ್ಲಿ ಇರಲಿ, ಕಾಪಿ ಬ್ಯಾಗಿನಲ್ಲಿ ಇರಲಿ. ಯಾಕೆಂದರೆ ಇಪ್ಪತ್ತು ನಿಮಿಷ ನಿಲ್ಲದ ಅಟ್ಯಾಕ್ ನೋಡಿದ ಎಮರ್ಜೆನ್ಸಿ ಡಾಕ್ಟರು ಅದನ್ನು ನಿಲ್ಲದ ಎಪಿಲೆಪ್ಸಿ ಎಂದು ತಿಳಿದು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡಬಹುದು. ಉಸಿರು ಕುಗ್ಗಿ, ಗಂಟಲಿಗೆ ಟ್ಯೂಬ್ ಹಾಕಿ, ಐಸಿಯುಗೆ ಹೋದವರಿದ್ದಾರೆ. ಈ ಕಾಯಿಲೆಯಲ್ಲಿ ದೊಡ್ಡ ಅಪಾಯಗಳಲ್ಲಿ ಒಂದು ಬೇಡದ ಚಿಕಿತ್ಸೆಯೇ.

ಐದನೇ ಹೆಜ್ಜೆ: ಮಾತ್ರೆ

ಫಿಟ್ಸ್ ಮಾತ್ರೆ ಈ ಅಟ್ಯಾಕ್‌ಗೆ ಕೆಲಸ ಮಾಡುವುದಿಲ್ಲ. ನಿದ್ದೆ, ತೂಕ, ಸಿಡುಕು, ಒಸಡು ಊತ, ಹೀಗೆ ಒಂದೊಂದು ಮಾತ್ರೆಗೆ ಒಂದೊಂದು ತೊಂದರೆ. ವಾಲ್ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆಯಿಂದ ಗರ್ಭದಲ್ಲಿರುವ ಮಗುವಿಗೆ ಹಾನಿಯಾಗಬಹುದು, ಮದುವೆ ವಯಸ್ಸಿನ ಹೆಣ್ಣುಮಕ್ಕಳ ಮನೆಯವರು ಇದನ್ನು ತಿಳಿದಿರಬೇಕು. ಆದರೂ ಒಮ್ಮೆಲೇ ನಿಲ್ಲಿಸಬೇಡಿ. ಕೆಲವು ಮಾತ್ರೆ ದಿಢೀರ್ ಬಿಟ್ಟರೆ ನಿಜವಾದ ಎಪಿಲೆಪ್ಸಿ ಅಟ್ಯಾಕ್ ಬರಬಹುದು. ಎರಡೂ ಕಾಯಿಲೆ ಒಟ್ಟಿಗೆ ಇರುವವರೂ ಇದ್ದಾರೆ, ಅವರಿಗೆ ಮಾತ್ರೆ ಬೇಕೇ ಬೇಕು. ಡಾಕ್ಟರು ವಾರ ವಾರ ಇಳಿಸಿಕೊಂಡು ಬರುತ್ತಾರೆ.

ಆರನೇ ಹೆಜ್ಜೆ: ಮಾತಿನ ಚಿಕಿತ್ಸೆ

ಮುಖ್ಯ ಚಿಕಿತ್ಸೆ ಇದು. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ಕಲಿಸುವುದು) ಎಂಬ ವಿಧಾನವನ್ನು ಇದಕ್ಕೆ ಹೆಚ್ಚು ಬಳಸುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಸುಮಾರು ಹನ್ನೆರಡು ಸಲ, ಹೆಚ್ಚಾಗಿ ವಾರಕ್ಕೊಮ್ಮೆ, ಕೂತು ಕಲಿಯುವುದು. ಖಿನ್ನತೆ, ಆತಂಕ ಇದ್ದರೆ ಅದಕ್ಕೆ ಸೈಕಿಯಾಟ್ರಿಸ್ಟ್ ಬೇರೆ ಮಾತ್ರೆ ಕೊಡಬಹುದು.

ನಿಜ ಹೇಳಬೇಕೆಂದರೆ ಇದು ಮಾಯಾಮಂತ್ರ ಅಲ್ಲ. ಬ್ರಿಟನ್‌ನಲ್ಲಿ 368 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಕೋಡ್ಸ್ ಅಧ್ಯಯನದಲ್ಲಿ, ಒಂದು ವರ್ಷದ ನಂತರ ತಿಂಗಳ ಅಟ್ಯಾಕ್ ಸಂಖ್ಯೆಯಲ್ಲಿ ಸಿಬಿಟಿಯನ್ನೂ ಪಡೆದವರಿಗೂ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗೂ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ. ಆದರೆ ಸಿಬಿಟಿ ಪಡೆದವರಿಗೆ ಅಟ್ಯಾಕ್ ಇಲ್ಲದ ದಿನಗಳ ಸರಣಿ ಉದ್ದವಾಯಿತು. ಅಟ್ಯಾಕ್‌ನ ಕಾಟ ಕಮ್ಮಿ ಅನ್ನಿಸಿತು. ದಿನದ ಬದುಕು ಸುಧಾರಿಸಿತು. ನನ್ನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಕಾಲೇಜಿಗೆ ವಾಪಸ್ ಹೋಗುವುದು ಅಂದರೆ ಇದೇ ಅಲ್ವಾ?

ಮೊದಲ ಪಾಠ, ಮುನ್ಸೂಚನೆ ಹಿಡಿಯುವುದು. ಬಹಳ ಜನರಿಗೆ ಅಟ್ಯಾಕ್‌ಗೆ ಮೊದಲು ಎದೆ ಬಿಗಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ಮಾತು ದೂರದಿಂದ ಕೇಳಿಸಿದ ಹಾಗಾಗುತ್ತದೆ. ಆಗ ಮನಸ್ಸನ್ನು ನೆಲಕ್ಕೆ ಇಳಿಸಬೇಕು. ಎರಡೂ ಪಾದ ನೆಲಕ್ಕೆ ಒತ್ತಿ, ನೆಲದ ತಂಪು ಗಮನಿಸಿ. ಕಣ್ಣು ತೆರೆದು ಕಾಣುವ ಐದು ವಸ್ತುವಿನ ಹೆಸರು ಹೇಳಿ, ಕೇಳುವ ನಾಲ್ಕು ಸದ್ದು ಗುರುತಿಸಿ. ತಣ್ಣಗಿನ ಸ್ಟೀಲ್ ಲೋಟ ಹಿಡಿಯಿರಿ. ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡಿ. ಇದನ್ನು ಆರಾಮಾಗಿರುವಾಗ ದಿನಾ ಎರಡು ಹೊತ್ತು ಅಭ್ಯಾಸ ಮಾಡಬೇಕು. ಈಜು ಬರುವುದು ಮುಳುಗುವಾಗ ಕಲಿತು ಅಲ್ಲವಲ್ಲ.

ಎರಡನೆಯದು, ಭಯದಿಂದ ಬಿಟ್ಟ ಜಾಗಗಳಿಗೆ ಮೆಲ್ಲಗೆ ವಾಪಸ್ ಹೋಗುವುದು. ಬಸ್ಸು, ಸಂತೆ, ಕ್ಲಾಸ್ ರೂಮ್. ಮೂರನೆಯದು, ಒಳಗಿನ ಭಾರ. ಪರೀಕ್ಷೆ, ಬೇಡದ ಮದುವೆ ಮಾತು, ಸಾಲ, ಸಾವು, ಹಿಂಸೆ, ಲೈಂಗಿಕ ಕಿರುಕುಳ, ಏನೂ ಇರಬಹುದು. ಕೆಲವರಲ್ಲಿ ಅಂಥ ಘಟನೆ ಏನೂ ಇರುವುದೂ ಇಲ್ಲ. ಹಾಗಾಗಿ "ಏನೋ ಮುಚ್ಚಿಡ್ತಿದೀಯ, ಹೇಳು" ಎಂದು ಪೀಡಿಸಬೇಡಿ. ರೋಗಿ ಸೈಕಾಲಜಿಸ್ಟ್ ಜೊತೆ ಒಬ್ಬರೇ ಮಾತಾಡಲು ಬಿಡಿ, ಬಾಗಿಲ ಹತ್ತಿರ ನಿಲ್ಲಬೇಡಿ. ಮಕ್ಕಳಲ್ಲಿ ಸ್ಕೂಲಿನ ಕಾಟ, ಓದು ತಲೆಗೆ ಹತ್ತದ ತೊಂದರೆ ಬಹಳ ಸಲ ಹಿಂದಿರುತ್ತದೆ. ಮಗುವಿಗೆ ಹಿಂಸೆಯಾಗುತ್ತಿದ್ದರೆ 1098, ಹೆಣ್ಣುಮಕ್ಕಳಿಗಾದರೆ 181 ಸಹಾಯವಾಣಿಗೆ ಫೋನ್ ಮಾಡಿ.

ಏಳನೇ ಹೆಜ್ಜೆ: ಮನೆಯವರ ಪಾಲು

ಫಂಕ್ಷನಲ್ ಅಟ್ಯಾಕ್ ಎಂದು ಖಾತ್ರಿಯಾದ ಮೇಲೆ ಮನೆಯಲ್ಲಿ ಗಲಾಟೆ ಕಮ್ಮಿ ಮಾಡಿ. ಅಕ್ಕಪಕ್ಕದವರು ಸುತ್ತ ನಿಲ್ಲುವುದು ಬೇಡ. ನೀರು ಎರಚುವುದು, ಚಿವುಟುವುದು, ಕೆನ್ನೆಗೆ ಹೊಡೆಯುವುದು ಬೇಡ. ಒಬ್ಬರು ಪಕ್ಕದಲ್ಲಿ ಕೂತು, "ನಾನಿದ್ದೀನಿ, ಕಮ್ಮಿ ಆಗುತ್ತೆ" ಅನ್ನಿ. ಕೇಳಿಸುತ್ತಿರಬಹುದು, ನೆನಪಿರಲಿ. ನಿಂತ ಮೇಲೆ ಸ್ವಲ್ಪ ನೀರು, ಸ್ವಲ್ಪ ವಿಶ್ರಾಂತಿ, ಆಮೇಲೆ ಮಾಡುತ್ತಿದ್ದ ಕೆಲಸಕ್ಕೆ. ಆ ದಿನಪೂರ್ತಿ ಹಾಸಿಗೆಯಲ್ಲಿ ಇರಿಸಿ ಉಪಚರಿಸುವುದೂ ಒಳ್ಳೆಯದಲ್ಲ, ಸುಮ್ನೆ ಗದರಿಸುವುದೂ ಅಲ್ಲ.

ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎಂದು ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗುವವರಿದ್ದಾರೆ. ಹರಕೆ ಹೊತ್ತರೆ ತೀರಿಸಿ, ಬೇಡ ಅನ್ನುವುದಿಲ್ಲ. ಆದರೆ ಬರೆ ಹಾಕುವುದು, ಮೆಣಸಿನಕಾಯಿ ಹೊಗೆ, ಕಟ್ಟಿ ಹೊಡೆಯುವುದು, ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಮೊದಲೇ ನೊಂದ ಮನಸ್ಸಿಗೆ ಅದು ಇನ್ನೊಂದು ಗಾಯ.

ಗಾಡಿ ಓಡಿಸುವುದು, ಕೆರೆ ಬಾವಿಯಲ್ಲಿ ಈಜುವುದು, ಎತ್ತರದ ಮೇಲೆ ಕೆಲಸ, ಇವು ಡಾಕ್ಟರು ಹೇಳುವವರೆಗೆ ಬೇಡ. ಡ್ರೈವಿಂಗ್ ಲೈಸೆನ್ಸ್‌ನ ಫಾರ್ಮ್ 1ರಲ್ಲಿ ಎಪಿಲೆಪ್ಸಿ ಮಾತ್ರವಲ್ಲ, ಯಾವುದೇ ಕಾರಣದಿಂದ ದಿಢೀರ್ ಪ್ರಜ್ಞೆ ತಪ್ಪುವುದನ್ನೂ ಕೇಳುತ್ತಾರೆ. ನಿಜ ಬರೆಯಿರಿ.

ಎಲ್ಲಿ ತೋರಿಸುವುದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರಾಲಜಿ, ಸೈಕಿಯಾಟ್ರಿ, ಸೈಕಾಲಜಿ ಮೂರೂ ಒಂದೇ ಕಾಂಪೌಂಡಿನಲ್ಲಿವೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಉಂಟು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಸೈಕಿಯಾಟ್ರಿಸ್ಟ್ ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಮಾತಾಡಿದರೆ ಸಾಕು ಅನ್ನಿಸಿದಾಗ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಮಾತು ಬಾಯಿಂದ ಬಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮತ್ತೆ ಬಂದರೆ

ಆರು ತಿಂಗಳು ಬಾರದೆ ಇದ್ದು ಒಂದು ದಿನ ಮತ್ತೆ ಬರಬಹುದು. ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ. ನೋಟ್‌ಬುಕ್ ತೆಗೆದು ಆ ವಾರ ಏನು ನಡೆದಿತ್ತು ನೋಡಿ. ನಿದ್ದೆ ಕೆಟ್ಟಿತ್ತಾ, ಪರೀಕ್ಷೆ ಇತ್ತಾ, ಮನೆಯಲ್ಲಿ ಜಗಳವಾ? ಅಭ್ಯಾಸ ಬಿಟ್ಟುಹೋಗಿತ್ತಾ? ಸೈಕಾಲಜಿಸ್ಟ್ ಹತ್ತಿರ ಒಂದೆರಡು ಸಲ ಹೋಗಿ ಬನ್ನಿ. ಆದರೆ ಅಟ್ಯಾಕ್ ಹಿಂದಿನ ಥರ ಇಲ್ಲದೆ, ಕಣ್ಣು ತೆರೆದು, ನಿದ್ದೆಯಿಂದ, ನಾಲಿಗೆ ಕಚ್ಚಿಕೊಂಡು ಬಂದಿದ್ದರೆ ಹಳೇ ಪತ್ರ ನಂಬಿ ಕೂರಬೇಡಿ. ಹೊಸ ವಿಡಿಯೋ ಮಾಡಿ, ನ್ಯೂರಾಲಜಿ ಡಾಕ್ಟರಿಗೆ ತೋರಿಸಿ. ಬರುವಾಗ ತಲೆಗೆ ಎಣ್ಣೆ ಹಚ್ಚದೆ ಬನ್ನಿ.